ತಾಜ್‌ಮಹಲಿನಲ್ಲಿ ವಿಭೂತಿ ಕೇಳಿದ ಗಂಗಮ್ಮ

“ವಿಭೂತಿ ಎಲ್ಲಿ ಕೊಡ್ತಾರಪ್ಪ?” ತಾಜ್‌ಮಹಲಿನೊಳಗೆ ಸಮಾಧಿಗೆ ಕೈಮುಗಿದು ಗಂಗಮ್ಮ ನನ್ನನ್ನು ಕೇಳಿದರು. ತೊಂಬತ್ತರ ದಶಕದಲ್ಲಿ ತುಮಕೂರಿನಿಂದ ಹೊರಟ ನಮ್ಮ ದೆಹಲಿ, ಆಗ್ರಾ, ಜೈಪುರ ಟೂರಿಗೆ ಅವರು ಗುಬ್ಬಿಯಿಂದ ಬಂದಿದ್ದರು. ಅದು ಯಾರೋ ಸ್ವಾಮಿಗಳ ಗದ್ದುಗೆ ಎಂದುಕೊಂಡಿದ್ದರು. ಕುಣಿಗಲ್‌ನಲ್ಲಿದ್ದ ಮೊಮ್ಮಗಳು ತುಂಬು ಗರ್ಭಿಣಿ. ಮೊದಲ ಸಲ ಮಗು ಉಳಿದಿರಲಿಲ್ಲ. ಅವಳ ಹಣೆಗಿಡಲೆಂದು ಹೋದಲ್ಲೆಲ್ಲ ಪ್ರಸಾದ ಕೂಡಿಡುತ್ತಿದ್ದರು.

ಇತಿಹಾಸದಲ್ಲಿ ಎಂ.ಎ. ಮಾಡಿದ ನಾನು ಸುಮ್ಮನಿರಬೇಕಲ್ಲ? “ಇದು ಮಠ ಅಲ್ಲ ಅಜ್ಜಿ, ರಾಣಿ ಸಮಾಧಿ. ಹೆರಿಗೇಲಿ ತೀರಿಕೊಂಡ್ಲಂತೆ” ಎಂದುಬಿಟ್ಟೆ. ಆಮೇಲೆ ನಾಲಿಗೆ ಕಚ್ಚಿಕೊಂಡೆ.

ಗಂಗಮ್ಮ ಸೆರಗು ಹೊದ್ದು ಮತ್ತೆ ಕೈಮುಗಿದರು. “ಹಂಗಾದ್ರೆ ಹೆರೋ ಕಷ್ಟ ಈ ತಾಯಿಗೇ ಗೊತ್ತು ಬುಡು. ನಮ್ಮ ಹುಡುಗೀನ ಕಾಪಾಡವ್ವಾ! ನೀನೂ ಕೈಮುಗಿಯೋ, ಓದಿದೋನೆ!”

ನಾನು ಕೈಮುಗಿದೆ ಎಂದು ಅಂದು ಪಕ್ಕದಲ್ಲೇ ಇದ್ದ ಹೆಂಡತಿ ಇಂದಿಗೂ ಸಾಧಿಸುತ್ತಾಳೆ. ನನಗೆ ನೆನಪಿಲ್ಲ. ಆದರೆ ಊರಿಗೆ ಮರಳಿದ ಮೇಲೆ ಒಂದು ಭಾನುವಾರ, ಗುಬ್ಬಿಯಲ್ಲಿ ಬೇರೇನೂ ಕೆಲಸವಿಲ್ಲದಿದ್ದರೂ ಬಸ್ಸು ಹತ್ತಿ ಗಂಗಮ್ಮನ ಮನೆ ಹುಡುಕಿಕೊಂಡು ಹೋದದ್ದು ಚೆನ್ನಾಗಿ ನೆನಪಿದೆ. ಮೊಮ್ಮಗಳು ಬಾಣಂತನಕ್ಕೆ ಅಲ್ಲಿಗೇ ಬಂದಿದ್ದಳು; ತೊಟ್ಟಿಲಲ್ಲಿ ಹೆಣ್ಣು ಮಗು.