ಏಲಮ್‌ನ ಕಡಸು

ಏಲಮ್ ಬೌಮನ್ ನನ್ನನ್ನು 'ಪುಟ್ಟ' ಎಂದು ಕರೆಯುತ್ತಿದ್ದ. ಅವನಿಗೆ ಹದಿನಾರು, ನನಗೆ ಐವತ್ತೆಂಟು. ಪುಟ್ಟಸ್ವಾಮಿ ಎಂಬ ಹೆಸರು ಅವನ ಬಾಯಲ್ಲಿ ಅರ್ಧಕ್ಕೇ ನಿಂತಿತು. ಮೊದಲ ದಿನ ನನಗೆ ಮೈ ಉರಿಯಿತು. ಮದ್ದೂರಿನಲ್ಲಿ ನಮ್ಮವ್ವನನ್ನು ಬಿಟ್ಟರೆ ಯಾರೂ ನನ್ನನ್ನು ಹಾಗೆ ಕರೆದದ್ದಿಲ್ಲ. ಆಮೇಲೆ ತಿಳಿಯಿತು, ಈ ಹಳೇ ಕಟ್ಟಳೆಯ ಮೆನೊನೈಟ್ ಕ್ರೈಸ್ತರು ತಮ್ಮ ಧರ್ಮಗುರುವನ್ನೂ ಹೆಸರು ಹಿಡಿದೇ ಕೂಗುತ್ತಾರೆ. ಇನ್ನು ವ್ಯಾನ್ ಓಡಿಸುವ ನಾನು ಯಾವ ಲೆಕ್ಕ?

ಆ ಪಂಗಡದವರು ಕಾರು ಇಟ್ಟುಕೊಳ್ಳುವುದಿಲ್ಲ. ಎಲ್ಲಿಗೆ ಹೋದರೂ ಕುದುರೆಗಾಡಿ. ಆದರೆ ಮಗನಿಗೆ ರಕ್ತದ ಕ್ಯಾನ್ಸರ್ ಬಂದರೆ ಕುದುರೆಗಾಡಿಯಲ್ಲಿ ಟೊರೊಂಟೊದ ದೊಡ್ಡಾಸ್ಪತ್ರೆಗೆ ಬರಲಾಗುತ್ತದೆಯೇ? ಅದಕ್ಕೆ ನನ್ನಂಥವನು ಬೇಕು. ಮಿಸಿಸಾಗದಲ್ಲಿ ನಾನಿದ್ದ ಫ್ಯಾಕ್ಟರಿ ಮುಚ್ಚಿದ ಮೇಲೆ ವ್ಯಾನ್ ಹಿಡಿದಿದ್ದೆ. ವಾಟರ್ಲೂ ಆಚೆಯ ಅವರ ಹೊಲಮನೆಗೆ ಹೋಗಿ, ಏಲಮ್‌ನನ್ನೂ ಅವನಪ್ಪ ಐವನ್‌ನನ್ನೂ ಕೂರಿಸಿಕೊಂಡು, ಕೀಮೋ ಮುಗಿಸಿ ವಾಪಸು ಬಿಡುವುದು ನನ್ನ ಕೆಲಸ.

ಹುಡುಗ ಎಂಟನೇ ಕ್ಲಾಸಿಗೆ ಶಾಲೆ ಮುಗಿಸಿ ಅಪ್ಪನ ಜೊತೆ ಹಾಲು ಕರೆಯಲು ನಿಂತವನು. ಕಪ್ಪು ಹ್ಯಾಟು. ಕೂದಲು ಉದುರಿದ ಮೇಲೆ ಅದು ಕಿವಿಯವರೆಗೂ ಇಳಿಯುತ್ತಿತ್ತು. ದಾರಿಯುದ್ದಕ್ಕೂ ಪ್ರಶ್ನೆ ಕೇಳುತ್ತಿದ್ದ. ಒಮ್ಮೆ ಮಿಸಿಸಾಗದ ಕಾಂಡೋ ಕಟ್ಟಡಗಳನ್ನು ಕತ್ತೆತ್ತಿ ನೋಡಿ, "ಅಷ್ಟು ಮೇಲೆ ಇರುವವರು ಬೆಳಿಗ್ಗೆ ಎದ್ದು ಏನು ಮಾಡುತ್ತಾರೆ?" ಅಂದ.

"ಕಂಪ್ಯೂಟರ್ ನೋಡ್ತಾರೆ."

"ಯಾರೂ ಯಾವುದಕ್ಕೂ ಮೇವು ಹಾಕುವುದಿಲ್ಲವಾ?"

ಅವನಿಗೆ ಅದೇ ಯೋಚನೆ. ಹುಟ್ಟಿದಾಗ ಬದುಕುವುದಿಲ್ಲ ಎಂದು ಎಲ್ಲರೂ ಕೈಬಿಟ್ಟ ಕರುವೊಂದನ್ನು ಅವನು ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಿಕೊಂಡಿದ್ದ. ಪ್ಲಮ್ ಅಂತ ಹೆಸರು. ಈಗ ಅದು ಕಡಸು, ಚೊಚ್ಚಲ ಗಬ್ಬ. ಮಾರ್ಚ್ ನಡುವಿಗೆ ಈಯುತ್ತದೆ. ಆಗ ತಾನು ಕೊಟ್ಟಿಗೆಯಲ್ಲಿರಬೇಕು, ಕರುವನ್ನು ತಾನೇ ಹಿಡಿಯಬೇಕು. ಅದೊಂದನ್ನು ಬಿಟ್ಟು ಅವನು ಬೇರೇನನ್ನೂ ಬೇಡಿದ್ದನ್ನು ನಾನು ಕೇಳಿಲ್ಲ.

"ಇರ್ತೀಯ ಕಣೋ, ದೇವರಾಣೆ," ಅಂದೆ.

"ಆಣೆ ಇಡಬೇಡ ಪುಟ್ಟ," ಅಂದ ಅವನು, ದೊಡ್ಡವರ ಹಾಗೆ. "ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ. ನಾವು ಅಷ್ಟೇ ಹೇಳುವುದು."

ಕೋರ್ಟಿನಲ್ಲಿ ನಿಲ್ಲಿಸಿದರೂ ಅವರು ಆಣೆ ಇಡುವುದಿಲ್ಲವಂತೆ. ನಿಜವನ್ನೇ ಹೇಳುವವನಿಗೆ ಆಣೆ ಯಾಕೆ ಎಂಬುದು ಅವರ ಮಾತು. ನನಗೋ ಮಾತಿಗೆ ಮುಂಚೆ ದೇವರಾಣೆ. ತರಕಾರಿಯವನ ಹತ್ತಿರವೂ ದೇವರಾಣೆ. "ಹಾಗಾದ್ರೆ ನೀನೇ ಹೇಳು, ಇರ್ತೀಯಾ?" ಎಂದು ಕೆಣಕಿದೆ. "ಗೊತ್ತಿಲ್ಲ" ಎಂದ. ಐವನ್ ಕಿಟಕಿಯ ಕಡೆ ತಿರುಗಿಕೊಂಡ.

ಕೀಮೋ ಆದ ದಿನ ಅಷ್ಟು ದೂರ ಒಂದೇ ಉಸಿರಿಗೆ ಹೋಗುವುದು ಅವನಿಗೆ ಆಗುತ್ತಿರಲಿಲ್ಲ. ನಡುದಾರಿಯಲ್ಲಿ ನಮ್ಮ ಮನೆ. ಸೋಫಾದಲ್ಲಿ ಮಲಗುತ್ತಿದ್ದ. ನನ್ನ ಹೆಂಡತಿ ರತ್ನಾ ಮೊಸರನ್ನ ಕಲಸಿ ಕೊಟ್ಟರೆ ಅದೊಂದು ಮಾತ್ರ ಅವನ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ಕಡಸಿನ ಸುದ್ದಿ ಕೇಳಿ ಅವಳ ಬಾಯಲ್ಲಿ ನೀರೂರಿತು.

"ಏನ್ರೀ, ಹಸ ಈದಾಗ ಗಿಣ್ಣಾಲು ಏನ್ ಮಾಡ್ತಾರಂತೆ ಕೇಳ್ರಿ. ಈ ಸ್ಟೋರಲ್ಲಿ ಇಪ್ಪತ್ ತರದ ಮಿಲ್ಕ್ ಮಡಗವ್ರೆ, ಗಿಣ್ಣಾಲ್ ಒಂದಿಲ್ಲ."

ಕೇಳಿದೆ. "ಮೊದಲ ಹಾಲು ಕರುವಿನದು, ಅದನ್ನು ಮಾರುವುದಿಲ್ಲ," ಎಂದ ಏಲಮ್. ನಮ್ಮೂರಲ್ಲೂ ಗಿಣ್ಣು ಮಾರುವ ಪದಾರ್ಥವಲ್ಲ, ನೆರೆಹೊರೆಗೆ ಹಂಚುವುದು. ಅದನ್ನು ಹೇಳಿದಾಗ ಅವನಿಗೆ ಬಹಳ ಹಿಡಿಸಿತು. "ಕರು ಕುಡಿದು ಮಿಕ್ಕಿದ್ದು ರತ್ನಾಗೆ. ನಾನೇ ತರುತ್ತೇನೆ."

"ನೀನೇನಾ?"

"ಹೌದು," ಅಂದ. ಐವನ್ ಮಗನ ಮುಖವನ್ನೇ ನೋಡಿದ.

ಫೆಬ್ರವರಿಯಲ್ಲಿ ಡಾಕ್ಟರುಗಳು ಇನ್ನು ಮಾಡುವುದೇನೂ ಉಳಿದಿಲ್ಲ ಎಂದರು. ಆವತ್ತು ಏಲಮ್ ಹಿಂದಿನ ಸೀಟಿನಲ್ಲಿ ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ನಮ್ಮ ಮನೆಯ ಮುಂದೆ ನಿಲ್ಲಿಸಿದರೂ ಇಳಿಯಲಾಗಲಿಲ್ಲ. ರತ್ನಾ ಬರೀ ಚಪ್ಪಲಿಯಲ್ಲಿ ಹಿಮ ತುಳಿದುಕೊಂಡು ಮೊಸರನ್ನದ ಡಬ್ಬಿ ತಂದಳು. ತಿನ್ನುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಅವನು ಡಬ್ಬಿಯನ್ನು ಎದೆಯ ಮೇಲೆ ಇಟ್ಟುಕೊಂಡು, "ಮಾರ್ಚಿನಲ್ಲಿ, ರತ್ನಾ," ಅಂದ. ಹೆದ್ದಾರಿಗೆ ಬರುವವರೆಗೂ ನನಗೆ ದಾರಿ ಸರಿಯಾಗಿ ಕಾಣಲಿಲ್ಲ.

ಮಾರ್ಚ್ ಬಂತು. ಕಡಸು ಈಯುವ ಮುಂಚೆಯೇ ಹುಡುಗ ಹೋದ.

ಮಣ್ಣಿಗೆ ಹೋಗಿದ್ದೆ. ಚಿಕ್ಕಪ್ಪಂದಿರೇ ಹಲಗೆ ಕೊಯ್ದು ಮಾಡಿದ ಪೆಟ್ಟಿಗೆ, ನೆರೆಯವರೇ ತೋಡಿದ ಗುಂಡಿ. ಹೂವಿಲ್ಲ, ಫೋಟೋ ಇಲ್ಲ. ಎಲ್ಲರೂ ದೇವರ ಚಿತ್ತ ಅನ್ನುತ್ತಿದ್ದರು. ಎಂಥ ಚಿತ್ತವಪ್ಪಾ ಅದು, ಒಂದು ಕರು ನೋಡುವಷ್ಟು ದಿನವನ್ನೂ ಕೊಡಲಿಲ್ಲ! ಬಾಯಿಬಿಟ್ಟು ಹೇಳಲಿಲ್ಲ, ಒಳಗೇ ಬೈದುಕೊಂಡೆ. ಐವನ್ ಅಳಲಿಲ್ಲ. ಬಂದವರ ಕೈ ಹಿಡಿದು ಬಿಡುತ್ತ ನಿಂತಿದ್ದ.

ಕೆಲವು ದಿನಗಳಾದ ಮೇಲೆ ಅವನೇ ಫೋನ್ ಮಾಡಿ ವ್ಯಾನ್ ಬೇಕು ಅಂದ. ಹೋದೆ. ಹಾಲಿನ ಕ್ಯಾನ್ ಹಿಡಿದು ಹತ್ತಿ, ನನ್ನ ಪಕ್ಕ ಕೂತ. ಇಷ್ಟು ತಿಂಗಳಲ್ಲಿ ಅವನು ಮುಂದೆ ಕೂತದ್ದು ಅದೇ ಮೊದಲು.

"ಎಲ್ಲಿಗೆ?" ಅಂದೆ.

"ನಿನ್ನ ಮನೆಗೆ."

ಮನೆಯಲ್ಲಿ ಕ್ಯಾನನ್ನು ಅಡುಗೆಕಟ್ಟೆಯ ಮೇಲಿಟ್ಟು, "ಪ್ಲಮ್‌ನದು. ಏಲಮ್ ರತ್ನಾಗೆ ಕೊಡು ಅಂದಿದ್ದ," ಎಂದ. ರತ್ನಾ ಮುಚ್ಚಳ ತೆಗೆದಳು. ದಟ್ಟ ಹಳದಿ ಹಾಲು, ಕಂಠಮಟ್ಟ.

"ಅಯ್ಯೋ, ಇಷ್ಟೊಂದಾ? ಕರೂಗೇನ್ ಬಿಟ್ಟವ್ರೆ ಕೇಳ್ರೀ!"

ಕೇಳಿದೆ. ಐವನ್ ಹ್ಯಾಟು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಕರು ಸತ್ತು ಹುಟ್ಟಿತು."

ಅವನೇ ಮಾತು ಮುಂದುವರಿಸಿದ. "ಏಲಮ್ ಕಣ್ಣು ಬಿಟ್ಟಾಗಲೆಲ್ಲ ಪ್ಲಮ್ ಈಯಿತಾ ಅಂತ ಕೇಳುತ್ತಿದ್ದ. ಇಲ್ಲ ಅಂತಲೇ ಹೇಳುತ್ತಿದ್ದೆ. ಕೊನೆಯ ಬೆಳಿಗ್ಗೆ ಹೌದು ಅಂದುಬಿಟ್ಟೆ. ಹೆಣ್ಣುಗರು, ಎದ್ದು ನಿಂತಿದೆ ಅಂದೆ. ನಕ್ಕ. ಹಾಗಾದರೆ ಮಿಕ್ಕ ಹಾಲು ರತ್ನಾಗೆ ಕೊಟ್ಟು ಬಾ, ನಾನು ಹೌದು ಅಂದಿದ್ದೇನೆ ಅಂದ." ಹ್ಯಾಟಿನ ಅಂಚನ್ನು ತಿರುಗಿಸುತ್ತ ಕೂತ. "ನಾನು ಸುಳ್ಳು ಹೇಳಿದವನಲ್ಲ, ಪುಟ್ಟ. ಕರು ನೆಟ್ಟಗೆ ಬಂದರೆ, ಸ್ವಲ್ಪ ಮುಂಚೆ ಹೇಳಿದ ನಿಜ ಅಂತಲಾದರೂ ಆಗುತ್ತದೆ ಅಂದುಕೊಂಡಿದ್ದೆ."

ಮಗನನ್ನು ಮಣ್ಣು ಮಾಡುವಾಗ ಬಾರದ ಅಳು ಅವನಿಗೆ ಆಗ ಬಂತು.

ರತ್ನಾಗೆ ಎಲ್ಲ ಹೇಳಿದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಕರ ಸತ್ತ ಹಸದ ಗಿಣ್ಣು ಉಣ್ಬಾರದು ಅಂತ ನಮ್ಮವ್ವ ಗಿಡದ ಬುಡಕ್ ಸುರೀತಿದ್ಲು," ಎಂದು ಕ್ಯಾನನ್ನೇ ನೋಡುತ್ತ ನಿಂತಳು. ಮತ್ತೆ ತಾನೇ, "ನಮ್ಮವ್ವಂಗೆ ಈ ಹುಡುಗ ಗೊತ್ತಿರ್ಲಿಲ್ಲ ಬುಡಿ," ಎಂದು ಬೆಲ್ಲ ಕುಟ್ಟತೊಡಗಿದಳು.

ಏಲಕ್ಕಿ ಹಾಕಿ, ಹಬೆಯಲ್ಲಿ ಬೇಯಿಸಿ, ಕತ್ತರಿಸಿ ತಟ್ಟೆಗೆ ಹಾಕಿ ಕೊಟ್ಟಳು. ಐವನ್ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ, ಒಂದು ಚೂರೂ ಬಿಡದೆ ತಿಂದ. ನಾವೂ ತಿಂದೆವು. ಚಮಚ ಕೆಳಗಿಟ್ಟು ನನ್ನನ್ನು ನೋಡಿದ.

"ಅವನಿಗೆ ಇದು ಹಿಡಿಸುತ್ತಿತ್ತಾ?"

ಬಾಯಿಗೆ ದೇವರಾಣೆ ಬಂತು. ನುಂಗಿಕೊಂಡೆ.

"ಹೌದು," ಅಂದೆ.