ಎಫ್.ಆರ್. ಸಿಸ್ಟರ್

ಹಂದಿಜ್ವರದ ಸುದ್ದಿ ಹಬ್ಬಿದ ವರ್ಷ ನಾನು ಯಶವಂತನಗರದಲ್ಲಿ ಅದಿರು ಲಾರಿ ಓಡಿಸುತ್ತಿದ್ದೆ. ಆಗ ಅಲ್ಲಿ ಎಲ್ಲಿ ನೋಡಿದರೂ ಹೊಸ ಲಾರಿ. ನಂಬರ್ ಬರುವವರೆಗೆ ಕಾಯುವ ತಾಳ್ಮೆ ಯಾವ ಮಾಲೀಕನಿಗೂ ಇರಲಿಲ್ಲ. ನಂಬರಿನ ಜಾಗದಲ್ಲಿ ‘ಎಫ್.ಆರ್.’ ಎಂದು, ಅಂದರೆ ನೋಂದಣಿ ಆಗಬೇಕಿದೆ ಎಂದು ಬರೆಸಿ ಓಡಿಸಿಬಿಡುತ್ತಿದ್ದರು. ಅಂಥ ಗಾಡಿ ಗುದ್ದಿದರೆ ಕೇಳುವವರಿಲ್ಲವೆಂದು ನಾವು ಬೇರೆ ಡ್ರೈವರುಗಳು ರಸ್ತೆಯಲ್ಲಿ ಅದರಿಂದ ದೂರವೇ ಇರುತ್ತಿದ್ದೆವು.

ಜ್ವರ ತಪಾಸಣೆಗೆಂದು ಶಾಲೆಯ ಒಂದು ಕೋಣೆ ತೆರೆದು, ಕಂಪ್ಲಿ ಕಡೆಯ ಹುಡುಗಿಯೊಬ್ಬಳನ್ನು ಸಿಸ್ಟರ್ ಆಗಿ ಕಳಿಸಿದರು. ನರ್ಸಿಂಗ್ ಪಾಸಾಗಿದ್ದಳು, ನೋಂದಣಿ ಸಂಖ್ಯೆ ಇನ್ನೂ ಬಂದಿರಲಿಲ್ಲ. ಆಸ್ಪತ್ರೆಗಳಲ್ಲಿ ಜನ ಸಾಲದೆ, ಜ್ವರ ಇಳಿಯುವವರೆಗೆ ಮಾತ್ರ ಎಂದು ಅಂಥವರಿಗೆ ತಾತ್ಕಾಲಿಕ ಪರವಾನಗಿ ಕೊಟ್ಟಿದ್ದರು.

ಚಹಾದಂಗಡಿಯಲ್ಲಿ ಇದು ಕಿವಿಗೆ ಬಿದ್ದದ್ದೇ ತಡ, ಎಸ್ಸೆಸ್ಸೆಲ್ಸಿ ಪಾಸಾದ ಜಾಣ ನಾನು, “ಅಂದ್ರ ಈಕಿ ಎಫ್.ಆರ್. ಸಿಸ್ಟರ್ ಬಿಡ್ರಲೇ! ಇಂಜೆಕ್ಷನ್ ಹೆಚ್ಚುಕಮ್ಮಿ ಆದ್ರ ಯಾವ ನಂಬರಿನ ಮ್ಯಾಲೆ ಕೇಸ್ ಹಾಕ್ತೀರಿ?” ಎಂದೆ. ಅಂಗಡಿ ತುಂಬ ನಗು. ಸಂಜೆಯೊಳಗೆ ಆ ಹೆಸರು ಗಣಿಯ ಮೇಲಿನವರೆಗೂ ಮುಟ್ಟಿತ್ತು. ಕೋಣೆಯತ್ತ ಯಾರೂ ಸುಳಿಯಲಿಲ್ಲ. ಸಂಡೂರಿನಿಂದ ಬಂದ ಡಾಕ್ಟರು, ಹೀಗೇ ಆದರೆ ವಾರದ ಕೊನೆಗೆ ಕೋಣೆ ಮುಚ್ಚಿ ಆಕೆಯನ್ನು ಮನೆಗೆ ಕಳಿಸುತ್ತೇವೆ ಎಂದು ಹೇಳಿ ಹೋದರಂತೆ. ಅದನ್ನು ಕೇಳಿಯೂ ನಕ್ಕೆ. ಈಗ ಬರೆಯಲು ನಾಚಿಕೆಯಾಗುತ್ತದೆ.

ಅದೇ ವಾರ ನನ್ನ ಗೆಳೆಯ, ನಮ್ಮ ಮಾಲೀಕನದೇ ಇನ್ನೊಂದು ಲಾರಿಯ ಡ್ರೈವರ್, ಸ್ಟೇರಿಂಗ್ ಮೇಲೆ ತಲೆಯಿಟ್ಟು ನಡುಗುತ್ತಿದ್ದ. ಮೈ ಕಾದ ಹಂಚಾಗಿತ್ತು. ಬೇರೆ ದಾರಿಯಿಲ್ಲದೆ ಅವನನ್ನು ಹೆಗಲಿಗಾನಿಸಿಕೊಂಡು ಆ ಕೋಣೆಗೇ ಒಯ್ದೆ.

“ಇಷ್ಟು ಜ್ವರ ಇಟ್ಕೊಂಡು ಮೊದ್ಲ ಯಾಕ್ ಬರ್ಲಿಲ್ರಿ ಅಣ್ಣಾ?” ಎಂದಳು ಸಿಸ್ಟರ್.

“ನಿಮಗ ನಂಬರ್ ಇಲ್ಲಂತ... ಇಂವನ ಹೇಳಿದ್ದು,” ಎಂದು ಅವನು ನರಳುತ್ತಲೇ ನನ್ನತ್ತ ಬೆರಳು ಮಾಡಿದ.

ಆಕೆ ಒದ್ದೆ ಬಟ್ಟೆ ಹಿಂಡುತ್ತ, “ಓಹೋ, ಹೆಸರಿಟ್ಟೋರು ನೀವೇನ್ರಿ ಕಾಕಾ? ಹೊಸ ಗಾಡಿಗೆ ಬ್ರೇಕ್ ಆದ್ರೂ ಗಟ್ಟಿ ಇರ್ತಾವ. ನಿಮ್ಮ ಬಾಯಿಗೆ ಅದೂ ಇಲ್ಲ ನೋಡ್ರಿ,” ಎಂದಳು. ಮಾಸ್ಕಿನ ಮೇಲೆ ಕಣ್ಣುಗಳಷ್ಟೇ ಕಾಣುತ್ತಿದ್ದವು. ನಗುತ್ತಿದ್ದಳೋ ಇಲ್ಲವೋ ಗೊತ್ತಾಗಲಿಲ್ಲ. ಫೋನ್ ಮಾಡಿ ಡಾಕ್ಟರನ್ನು ಕರೆಸಿದಳು. ಅವರು ಬರುವವರೆಗೂ ಅವನ ಪಕ್ಕ ಬಿಟ್ಟು ಏಳಲಿಲ್ಲ. ಗೆಳೆಯನ ಜೀವ ಉಳಿಯಿತು.

ಮರುದಿನ ಚಹಾದಂಗಡಿಯಲ್ಲಿ ಎಲ್ಲರ ಮುಂದೆ ಹೇಳಿದೆ, ತಪ್ಪು ನನ್ನದು, ಹೋಗಿ ತೋರಿಸಿಕೊಳ್ಳಿ ಎಂದು.

“ಯಾಕಲೇ, ಸಿಸ್ಟರಿಗೆ ನಂಬರ್ ಬಂತೇನು?” ಎಂದ ಒಬ್ಬ.

“ಇಲ್ಲ. ನನಗ ಬುದ್ಧಿ ಬಂತು.”

“ಅದೂ ಟೆಂಪರವರಿನಾ?”

ಎಲ್ಲರೂ ನನ್ನನ್ನು ನೋಡಿ ನಗುತ್ತಲೇ ಎದ್ದು ಶಾಲೆಯ ಕಡೆ ನಡೆದರು. ವಾರ ಮುಗಿಯುವ ಮೊದಲೇ ಸಾಲು ಗೇಟಿನಾಚೆ ಬಂತು. ಕೋಣೆ ಮುಚ್ಚುವ ಮಾತು ಅಲ್ಲಿಗೇ ನಿಂತಿತು.

ಸಾಲಿನಲ್ಲಿ ನಾನೂ ಇದ್ದೆ. ಜ್ವರವೇನೂ ಇರಲಿಲ್ಲ, ಕ್ಷಮೆ ಕೇಳಬೇಕಿತ್ತು. ನನ್ನ ಸರದಿ ಬಂದಾಗ, “ಯವ್ವಾ, ನಾನು...” ಎಂದು ಬಾಯಿ ತೆರೆದೆ.

“ಹಾಂ, ಹಂಗ ತೆಗೀರಿ,” ಎಂದು ಥರ್ಮಾಮೀಟರನ್ನು ನಾಲಿಗೆಯ ಕೆಳಗಿಟ್ಟಳು. “ಮಾತಾಡಬ್ಯಾಡ್ರಿ ಕಾಕಾ.”

ತೆಗೆದು ನೋಡಿ, “ಏನೂ ಇಲ್ಲ, ನಡೀರಿ,” ಎಂದು ಹಿಂದಿನವನನ್ನು ಕರೆದಳು.