ಕಡಲ ಗುಡ್ಡದ ಮೇಲೆ ಅಕ್ಕ ಹೇಳಿದ್ದು

ಅಕ್ಕನಿಗೆ ಪಾರ್ಶ್ವವಾಯು ಹೊಡೆದು ಏಳು ತಿಂಗಳಾಗಿತ್ತು. ಕೋಲು ಹಿಡಿದು ನಿಧಾನಕ್ಕೆ ನಡೆಯುತ್ತಿದ್ದಳು. ಮಾತು ಮಾತ್ರ ಹೋಗಿತ್ತು. ಅಂಗನವಾಡಿಯಲ್ಲಿ ದಿನವಿಡೀ ಮಕ್ಕಳಿಗೆ ಹಾಡು ಹೇಳಿಕೊಟ್ಟ ಬಾಯಲ್ಲಿ ಉಳಿದದ್ದು ಒಂದೇ ಶಬ್ದ, "ಅದೇ". ಹಸಿವಾದರೂ ಅದೇ, ಬೇಸರವಾದರೂ ಅದೇ. ಭಾನುವಳ್ಳಿಯ ಮನೆಯಲ್ಲಿ ಭಾವ ಹೇಗೋ ಅರ್ಥ ಮಾಡಿಕೊಳ್ಳುತ್ತಿದ್ದರು.

ಎಲ್ಲಾದರೂ ಹೊರಗೆ ಕರೆದುಕೊಂಡು ಹೋಗೋಣ ಎಂದವಳು ನಾನು. ಅಕ್ಕ ಸಮುದ್ರ ನೋಡಿರಲಿಲ್ಲ. ಭಾವ ಹರಿಹರದಲ್ಲಿ ಕಾರು ಗೊತ್ತು ಮಾಡಿದರು, ನಾನು ದಾವಣಗೆರೆಯಿಂದ ಬಂದು ಸೇರಿಕೊಂಡೆ. ಹೊನ್ನಾವರದ ಆಚೆ, ದಂಡೆಯ ಗುಡ್ಡದ ಮೇಲೆ ಕಾಡನ್ನು ಹಾಗೇ ಬಿಟ್ಟು ಮಾಡಿದ ಉದ್ಯಾನವಿತ್ತು. ಮರಗಳ ನಡುವೆ ಕಾಲುದಾರಿಗಳು, ಅಲ್ಲಲ್ಲಿ ಸಮುದ್ರ ಕಾಣುವಂತೆ ಕಂಬಿ ಹಾಕಿದ ಕಟ್ಟೆಗಳು. ಮೊದಲನೆಯ ಕಟ್ಟೆ ಮುಟ್ಟುವುದಕ್ಕೇ ನಮಗೆ ಒಂದು ತಾಸು ಹಿಡಿಯಿತು.

ಅಕ್ಕ ಕಟ್ಟೆಯ ಮೇಲೆ ಕೂತು ಕೆಳಗಿನ ನೀರನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಅದೇ" ಅಂದಳು.

"ಹೌದಕ್ಕ, ಸಮುದ್ರ. ಎಷ್ಟು ದೊಡ್ಡದೈತೆ ನೋಡು."

ಅಲ್ಲವೆಂದು ತಲೆ ಅಲ್ಲಾಡಿಸಿದಳು. ಎಡಗೈಯನ್ನು ನೀರಿನತ್ತ ಚಾಚಿ, ಮತ್ತೆ ತನ್ನ ಎದೆಗೆ ತಂದು, "ಅದೇ, ಅದೇ" ಅಂದಳು. ನೀರಿನ ಬಾಟಲಿ ಕೊಟ್ಟೆ, ತಳ್ಳಿದಳು.

"ಎದೆ ನೋಯ್ತೈತಾ?" ಭಾವ ಕೇಳಿದರು. ಅಲ್ಲ. "ಮನೆಗೆ ಹೋಗೋಣಾ?" ಅಲ್ಲ. "ಫೋಟೋ ತೆಗೀಲಾ?" ಅದೂ ಅಲ್ಲ. ಬಾಯಿ ಬಹಳ ಹೊತ್ತು ಏನನ್ನೋ ಹುಡುಕಿ, ಮತ್ತೆ ಅದೇ ಶಬ್ದಕ್ಕೆ ಬಂದು ನಿಲ್ಲುತ್ತಿತ್ತು. ಕೊನೆಗೆ ಸಿಟ್ಟಿನಿಂದ ಕೋಲನ್ನು ನೆಲಕ್ಕೆ ಕುಟ್ಟಿ ಅಳತೊಡಗಿದಳು.

"ನಿಂಗಾದ್ರೂ ಗೊತ್ತಾಗ್ತೈತೇನವ್ವ?" ಎಂದು ಭಾವ ನನ್ನನ್ನು ಕೇಳಿದರು. ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರು ನಾವು. ನನಗೆ ಏನೂ ಗೊತ್ತಾಗಲಿಲ್ಲ. ಅವಳ ಕೈ ಹಿಡಿದುಕೊಂಡು ಕೂತೆ, ಅವಳು ಬಿಡಿಸಿಕೊಂಡಳು.

ಕಾವಲಿನವರು ಬಂದರು. "ಐದೂವರೆಗೆ ಗೇಟು ಹಾಕ್ತೇವೆ, ಇಳಿಲಿಕ್ಕೆ ಹೊತ್ತು ಬೇಕಲ್ಲ ನಿಮಗೆ" ಎಂದು ಮೆತ್ತಗೆ ಹೇಳಿದರು. ಅಕ್ಕ ಏಳಲೊಲ್ಲಳು. ನಾನೂ ಭಾವನೂ ಎರಡು ತೋಳು ಹಿಡಿದು ಎಬ್ಬಿಸಬೇಕಾಯಿತು. ಹೇಳಬೇಕಾದದ್ದನ್ನು ಹೇಳುವ ಮೊದಲೇ ಅವಳನ್ನು ಎಳೆದುಕೊಂಡು ಇಳಿಯುತ್ತಿದ್ದೇವೆ ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು. ಕಾರಿನಲ್ಲಿ ಅವಳು ನಿದ್ದೆ ಹೋದಳು.

ಈಗ ಅಕ್ಕನಿಗೆ ಸ್ವಲ್ಪ ಸ್ವಲ್ಪ ಮಾತು ಬಂದಿದೆ. ಮೊನ್ನೆ ಅವರೆಕಾಯಿ ಸುಲಿಯುತ್ತಾ ಕೂತಾಗ ಕೇಳಿಯೇಬಿಟ್ಟೆ. "ಅವತ್ತು ಗುಡ್ಡದ ಮ್ಯಾಲೆ ಏನು ಹೇಳ್ತಿದ್ದೆ ಅಕ್ಕ?"

ಅವಳು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು.

"ಸಮುದ್ರ... ನೆನಪೈತೆ. ಏನೋ ಹೇಳ್ಬೇಕಿತ್ತು. ಏನು... ನೆನಪಿಲ್ಲ."

ಅವಳು ಎಡಗೈಯಿಂದ ಇನ್ನೊಂದು ಕಾಯಿ ತೆಗೆದುಕೊಂಡಳು.